ಫಕ್ಕೀರವ್ವನ ಇಪ್ಪತ್ತೆರಡು ರಜೆ

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಹಾಜರಿ, ರಜೆ ನೋಡಿಕೊಳ್ಳುತ್ತಿದ್ದ ಗುಮಾಸ್ತ ಚಂದ್ರಪ್ಪ ಒಳ್ಳೆಯ ಮನುಷ್ಯ. ಆದರೆ ಪಂಚಾಂಗ ಕೇಳದೆ ಕಾಲು ಹೊರಗಿಡುವವನಲ್ಲ. 2007ರಲ್ಲಿ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ ಅದಕ್ಕೂ ಕುಂಕುಮ ಹಚ್ಚಿ, ರಾಹುಕಾಲ ಕಳೆದ ಮೇಲೆಯೇ ಗುಂಡಿ ಒತ್ತಿದ ಮಹಾರಾಯ.

ಕಾಳು ಆರಿಸುವ ಫಕ್ಕೀರವ್ವ ಒಂಬತ್ತು ವರ್ಷದ ಕೆಲಸ ಬಿಟ್ಟು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಗುತ್ತಲಕ್ಕೆ ಹೋಗಿದ್ದಳು. ತಾಯಿ ಚೇತರಿಸಿಕೊಂಡಾಗ ಮರಳಿ ಬಂದು ಸೇರಿದಳು. ಎರಡು ತಿಂಗಳಾಗಿತ್ತಷ್ಟೆ, ತಾಯಿ ಮತ್ತೆ ಮಲಗಿದಳು. ಈ ಸಲ ಏಳುವಂತಿರಲಿಲ್ಲ.

“ನನ್ನವು ಇಪ್ಪತ್ತೆರಡ ರಜಾ ಉಳದಿದ್ವಲ್ರಿ ಸಾಹೇಬ್ರ, ಅವನ್ನ ಕೊಡ್ರಿ. ಅವ್ವನ ಹಂತ್ಯಾಕ ಇರ್ತೇನಿ.”

ಕಂಪ್ಯೂಟರ್ ಸೊನ್ನೆ ತೋರಿಸಿತು. ರಜೆಯಿಲ್ಲದೆ ಹೋದರೆ ಕೆಲಸ ಹೋಗುತ್ತದೆ. ಇನ್ನೊಮ್ಮೆ ಯಾರೂ ಸೇರಿಸಿಕೊಳ್ಳುವುದಿಲ್ಲ.

“ಮಷೀನಿಗೆ ತಲಿ ಕೆಟ್ಟೈತಿ. ನಾ ಸರಿ ಮಾಡ್ತೇನಿ, ತಡಿಯವ್ವಾ,” ಎಂದ ಚಂದ್ರಪ್ಪ.

ಹಳೆಯ ಹಾಜರಿ ಪುಸ್ತಕ ಹರವಿಕೊಂಡು ಒಂದೊಂದೇ ತಿಂಗಳು ತಾಳೆ ನೋಡಿದ. ಎಲ್ಲವೂ ಸರಿಯಿತ್ತು. ಕೊನೆಗೆ ಹುಬ್ಬಳ್ಳಿಯ ಸಾಫ್ಟ್‌ವೇರಿನವರಿಗೆ ಫೋನ್ ಹಚ್ಚಿದ.

“ಬಿಟ್ಟವರು ತೊಂಬತ್ತ ದಿನದಾಗ ತಿರುಗಿ ಸೇರಿದ್ರ ಹಳೇ ರಜಾ ಕೂಡ್ತಾವ್ರಿ. ಆಕಿ ಸೇರಿದ್ದು ತೊಂಬತ್ತೆರಡನೇ ದಿನ. ಹೊಸಬರ ಲೆಕ್ಕಕ್ಕ ಹೋಗ್ಯಾಳ. ನಿಮ್ಮ ಕಂಪನೀದ ರೂಲ್ ಇದು,” ಎಂದರು ಅವರು.

ಚಂದ್ರಪ್ಪನಿಗೆ ನೆನಪಾಯಿತು. ತೊಂಬತ್ತನೆಯ ದಿನವೇ ಫಕ್ಕೀರವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು. “ಇವತ್ತ ಅಮಾಸಿ ಐತಿ, ಕೆಲಸ ಹಿಡಿಯೂ ದಿನ ಅಲ್ಲ. ನಾಡಿದ್ದ ಬಾ,” ಎಂದು ತಿರುಗಿ ಕಳಿಸಿದವನು ತಾನೇ. ಆಕೆಯ ಒಳ್ಳೆಯದಕ್ಕೇ ಹೇಳಿದ್ದ.

ಗೇಟಿನ ಪುಸ್ತಕದಲ್ಲಿ ಆ ದಿನದ ಅವಳ ಹೆಬ್ಬೆಟ್ಟು ಸಿಕ್ಕಿತು. ಅದನ್ನು ಹಿಡಿದು ಮ್ಯಾನೇಜರರ ಮುಂದೆ ನಿಂತು ತಪ್ಪು ತನ್ನದೆಂದು ಒಪ್ಪಿಕೊಂಡ, ಬೈಸಿಕೊಂಡ. ಅವರ ಸಹಿಗೆ ಎರಡು ದಿನ, ಹುಬ್ಬಳ್ಳಿಯವರು ತಾರೀಖು ತಿದ್ದಲು ಮತ್ತೆರಡು ದಿನ ಹಿಡಿಯಿತು. ಅಷ್ಟೂ ದಿನ ಫಕ್ಕೀರವ್ವ ತಲೆ ತಗ್ಗಿಸಿ ಕಾಳು ಆರಿಸುತ್ತಲೇ ಇದ್ದಳು. ತಪ್ಪು ಯಾರದೆಂದು ಅವಳಿಗೆ ಹೇಳುವ ಧೈರ್ಯ ಮಾತ್ರ ಅವನಿಗಾಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ಇಪ್ಪತ್ತೆರಡು ಮೂಡಿತು. ಚಂದ್ರಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ಫಕ್ಕೀರವ್ವ ಎದುರಿಗೇ ಬರುತ್ತಿದ್ದಳು, ಜೊತೆಗೆ ಗುತ್ತಲದಿಂದ ಬಂದ ಅವಳ ತಮ್ಮ.

“ಬಂದಾವವ್ವಾ, ಇಪ್ಪತ್ತೆರಡೂ ಬಂದಾವ! ಲಗೂ ಹೊಂಡು!”

“ಒಂದ ದಿನ ಸಾಕ್ರಿ ಸಾಹೇಬ್ರ,” ಎಂದಳು ಅವಳು. “ಮಣ್ಣ ಮಾಡಿ ಬರ್ತೇನಿ.”