ಎದುರು ಗುಡ್ಡದ ಧ್ರುವ

ಮದುವೆಯ ದಿನ ಪುರೋಹಿತರು ನಮ್ಮಿಬ್ಬರನ್ನು ಮಟಮಟ ಮಧ್ಯಾಹ್ನ ಅಂಗಳಕ್ಕೆ ಕರೆದೊಯ್ದು, ಉತ್ತರಕ್ಕೆ ಬೆರಳು ತೋರಿಸಿ, “ಧ್ರುವ ಕಂಡಿತಾ?” ಎಂದು ಕೇಳಿದ್ದರು. ಕಂಡಿತು ಎಂದೆವು. ಹಾಗೆ ಹೇಳದೆ ಊಟಕ್ಕೆ ಬಿಡುವ ಕ್ರಮ ಇಲ್ಲ. ಇಪ್ಪತ್ತಾರು ವರ್ಷ ಕಳೆದ ಮೇಲೆ ಒಂದು ದಿನ ಹೆಂಡತಿ, “ನನಗೆ ಅವತ್ತು ಎಂತದೂ ಕಾಣ್ಲಿಲ್ಲ. ನಿಮಗೆ?” ಎಂದಳು. ನನಗೆ ಕಂಡಿತ್ತು ಎಂದೆ. ಯಾಕೆ ಹೇಳಿದೆನೋ, ಹೇಳಿಯಾಗಿತ್ತು. “ಹಾಗಾದ್ರೆ ನನಗೊಮ್ಮೆ ತೋರಿಸಿ,” ಎಂದಳು.

ಆ ಹೊತ್ತಿಗೆ ನನಗೆ ಆಕಾಶದ ಫೋಟೊ ತೆಗೆಯುವ ಹುಚ್ಚು ಹತ್ತಿತ್ತು. ಭೂಮಿ ತಿರುಗಿದ ಹಾಗೆ ದುರ್ಬೀನನ್ನೂ ತಿರುಗಿಸುವ ಮೌಂಟ್ ತರಿಸಿದ್ದೆ. ಅದರ ಅಕ್ಷ ನೆಟ್ಟಗೆ ಧ್ರುವದ ಕಡೆಗೆ ನಿಲ್ಲಬೇಕು, ಇಲ್ಲದಿದ್ದರೆ ಫೋಟೊದಲ್ಲಿ ನಕ್ಷತ್ರಗಳೆಲ್ಲ ಗೀರಾಗುತ್ತವೆ. ಜೊತೆಗೆ ಬಂದ ಹೊರದೇಶದ ಪುಸ್ತಕದ ಚಿತ್ರದಲ್ಲಿ ಧ್ರುವ ಅರ್ಧ ಆಕಾಶ ಏರಿ ಕೂತಿತ್ತು. ನಮ್ಮ ಊರು ಪಂಜದಲ್ಲಿ ಅದು ಹೆಚ್ಚೆಂದರೆ ಹದಿಮೂರು ಡಿಗ್ರಿ ಏಳುತ್ತದೆ. ಮೌಂಟ್ ಅಷ್ಟು ಕೆಳಗೆ ಬಗ್ಗಲು ಒಪ್ಪಲಿಲ್ಲ. ಹಿಂದಿನ ಕಾಲಿನಡಿಗೆ ಒಂದು ಕೆಂಪುಕಲ್ಲು ಕೊಟ್ಟು ಬಗ್ಗಿಸಿದೆ.

ಸಂಜೆ ಏಳಕ್ಕೆ, ಎದುರು ಗುಡ್ಡದ ತುದಿಯಲ್ಲಿ, ಸರಿಯಾಗಿ ಉತ್ತರಕ್ಕೆ ಒಂದು ಬೆಳಕು ಸಿಕ್ಕಿತು. ಅರ್ಧ ಗಂಟೆ ಕಾದು ನೋಡಿದೆ. ಒಂದಿಷ್ಟೂ ಅಲ್ಲಾಡಲಿಲ್ಲ. ಅಲ್ಲಾಡದ್ದೇ ಧ್ರುವ ತಾನೇ! ಸ್ವಲ್ಪ ದಪ್ಪ ಕಂಡಿತು. ದುರ್ಬೀನು ಒಳ್ಳೆಯದು ಎಂದುಕೊಂಡೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕೈಮುಗಿದಳು.

ಫೋಟೊ ಮಾತ್ರ ಒಂದೂ ಸರಿ ಬರಲಿಲ್ಲ. ನಾಲ್ಕು ಸಂಜೆ ಸ್ಕ್ರೂ ತಿರುಗಿಸಿ ತಿರುಗಿಸಿ ಬೆರಳಿಗೆ ಬೊಕ್ಕೆ ಬಂತು. “ನಕ್ಷತ್ರ ಎಲ್ಲುಂಟು ಮಾರಾಯ್ರೆ? ಇದು ಬರೀ ಅಲಸಂಡೆ,” ಎಂದಳು ಹೆಂಡತಿ, ಫೋಟೊದ ಉದ್ದುದ್ದ ಗೀರು ನೋಡಿ. ಮೌಂಟಿಗೆ ಬೈದೆ, ಪುಸ್ತಕ ಬರೆದವನಿಗೆ ಬೈದೆ, ಕೆಂಪುಕಲ್ಲಿಗೂ ಬೈದೆ. ಧ್ರುವಕ್ಕೆ ಬೈಯಲಿಲ್ಲ.

ಐದನೆಯ ಸಂಜೆ ಏಳೂವರೆಗೆ ಧ್ರುವ ಆರಿತು. ಮೋಡ ಇರಲಿಲ್ಲ.

“ತ್ರೀ ಫೇಸ್ ಹೋಯ್ತು,” ಎಂದಳು ಹೆಂಡತಿ.

ಅದು ನೆರೆಯವರ ಪಂಪುಶೆಡ್ಡಿನ ಬಲ್ಬು. ಪಂಪು ನಡೆಸುವ ಈ ತ್ರೀ ಫೇಸ್ ಕರೆಂಟು ಬಂದದ್ದು ಮನೆಯಿಂದಲೇ ಗೊತ್ತಾಗಲಿ ಎಂದು ನಮ್ಮ ಕಡೆ ಎಲ್ಲರೂ ಒಂದು ಹಾಕಿಡುತ್ತಾರೆ. ನಮ್ಮ ಪಂಪಿಗೂ ಉಂಟು. ಕಟ್ಟಿದವನು ನಾನೇ.

“ನಿನಗೆ ಮೊದಲೇ ಗೊತ್ತಿತ್ತಾ?”

“ಸಂಶಯ ಇತ್ತು. ನಿಮ್ಮ ಖುಷಿ ನೋಡಿ ಸುಮ್ಮನಾದೆ.”

ನನಗೆ ವಿಪರೀತ ನಾಚಿಕೆಯಾಯಿತು. “ಮದುವೆಯ ದಿನವೂ ನನಗೆ ಕಂಡಿರ್ಲಿಲ್ಲ,” ಎಂದೆ.

“ಗೊತ್ತುಂಟು. ಪುರೋಹಿತರು ಉತ್ತರಕ್ಕೆ ತೋರಿಸುವಾಗ ನೀವು ಊಟದ ಚಪ್ಪರ ನೋಡ್ತಿದ್ರಿ. ನಾನು ನಿಮ್ಮನ್ನೇ ನೋಡ್ತಿದ್ದೆ.”

ದುರ್ಬೀನಿಗೆ ಕಣ್ಣಿಟ್ಟೆ. ಬಲ್ಬು ಇದ್ದ ಜಾಗದಿಂದ ತುಸು ಮೇಲೆ, ಎಡಕ್ಕೆ, ಮಂಕಾದ ಚುಕ್ಕಿಯೊಂದಿತ್ತು. ಇಷ್ಟು ದಿನ ಬಲ್ಬಿನ ಬೆಳಕಿಗೆ ಅದು ಕಂಡಿರಲಿಲ್ಲ.

“ಕಂಡಿತಾ?” ಎಂದಳು.

ಸ್ಕ್ರೂ ತಿರುಗಿಸಿ, ಚುಕ್ಕಿಯನ್ನು ನಡುವಿಗೆ ತಂದು, ಇನ್ನೊಮ್ಮೆ ನೋಡಿ, ಕಂಡಿತು ಎಂದೆ. ಸರಿದು ಅವಳಿಗೆ ಜಾಗ ಬಿಟ್ಟೆ. ಅವಳು ತುಂಬ ಹೊತ್ತು ನೋಡಿದಳು.

“ಸಣ್ಣದುಂಟು,” ಎಂದಳು. ಇದಕ್ಕೆ ಕೈಮುಗಿಯಲಿಲ್ಲ. ಒಂದು ಕೈಯಲ್ಲಿ ನನ್ನ ತೋಳು ಹಿಡಿದಿದ್ದಳು.