ಒಂದು ಬೆರಳಷ್ಟು ಜಾಗ

ಕಾಲೇಜಿನ ನೆಲಮಾಳಿಗೆಯಲ್ಲಿ ಗಾಜಿನ ಕೆಲಸ ಮಾಡುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಎಲ್ಲರಿಗೂ ಅವಳು ಗಾಜಕ್ಕ. ಉರಿಯ ಮುಂದೆ ಕೂತು, ಗಾಜಿನ ಕೊಳವೆ ತಿರುಗಿಸುತ್ತ, ಕೆನ್ನೆ ಉಬ್ಬಿಸಿ ಊದಿ, ವಿಜ್ಞಾನದವರು ಕೇಳಿದ ಪಾತ್ರೆ ಮಾಡಿಕೊಡುವುದು ಅವಳ ಕಸುಬು. ಹತ್ತೊಂಬತ್ತನೇ ವಯಸ್ಸಿನಲ್ಲಿ ಪ್ರಯೋಗಶಾಲೆಯ ಸೀಸೆ ತೊಳೆಯಲು ಬಂದವಳು, ಒಡೆದ ಸೀಸೆಗಳನ್ನು ಬಿಸಾಡಲು ಮನಸ್ಸು ಬಾರದೆ ಹಳೆಯ ಮೇಸ್ತ್ರಿಯ ಬೆನ್ನು ಬಿದ್ದು ಕೆಲಸ ಕಲಿತಳು. ಮೇಸ್ತ್ರಿ ಬೈಗುಳದಲ್ಲಿ ಧಾರಾಳಿ, ಪಾಠದಲ್ಲಿ ಜಿಪುಣ. ಅವನು ಬಾಯಿಬಿಟ್ಟು ಹೇಳಿಕೊಟ್ಟದ್ದು ಒಂದೇ ಮಾತು: ನೀರು ತುಂಬಿ ಬಾಯಿ ಮುಚ್ಚುವ ಪಾತ್ರೆಯಲ್ಲಿ ಮೇಲ್ಗಡೆ ಒಂದು ಬೆರಳಷ್ಟು ಜಾಗ ಬಿಡು, ಇಲ್ಲದಿದ್ದರೆ ಬಿಸಿಗೆ ನೀರು ಹಿಗ್ಗಿ ಗಾಜು ಸೀಳುತ್ತದೆ.

ಮೂವತ್ತೊಂದು ವರ್ಷದಲ್ಲಿ ಅವಳು ಆ ಮಾತನ್ನು ಒಮ್ಮೆಯೂ ಮೀರಿರಲಿಲ್ಲ. ನಕ್ಷೆಯಲ್ಲಿ ಏನೇ ಬರೆದಿರಲಿ, ಒಂದು ಬೆರಳು ಬಿಟ್ಟೇ ಬಿಡುತ್ತಿದ್ದಳು. ನಕ್ಷೆ ಬರೆಯುವವರ ಬಗ್ಗೆ ಅವಳಿಗೆ ಅಷ್ಟಕ್ಕಷ್ಟೆ. "ಪೆನ್ಸಿಲ್ ಹಿಡಿಯೋ ಕೈಗೆ ಬೊಬ್ಬೆ ಏಳಲ್ಲ" ಎಂದು ಮೂಗು ಮುರಿಯುತ್ತಿದ್ದಳು. ಪಾತ್ರೆ ಕಳಿಸುವ ಪ್ರತಿ ಪೆಟ್ಟಿಗೆಗೂ ಕರಿ ಮಸಿಯಲ್ಲಿ ಬಾಣ ಎಳೆದು, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಮೇಲೆ' ಎಂದು ಬರೆಯುತ್ತಿದ್ದಳು. ಓದು ಬಲ್ಲವರೇ ಪೆಟ್ಟಿಗೆಯನ್ನು ತಲೆಕೆಳಗಾಗಿ ಹಿಡಿಯುತ್ತಾರೆ ಎಂಬುದು ಅವಳ ಅಚಲ ನಂಬಿಕೆ.

ಇಂಥವಳ ಬಳಿಗೆ ಮೂರನೇ ಮಹಡಿಯ ಸಂಶೋಧಕಿ ಬಂದಳು. ಪದವಿ ಇನ್ನೂ ಕೈಗೆ ಬಂದಿರಲಿಲ್ಲ, ಆದರೂ ಎಲ್ಲರೂ ಅವಳನ್ನು ಪುಟ್ಟ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅವಳಿಗೆ ಮುಷ್ಟಿಗಾತ್ರದ ಗಾಜಿನ ಬುರುಡೆ ಬೇಕಿತ್ತು, ಅದಕ್ಕೊಂದು ಸಪೂರ ಕತ್ತು.

"ಇದು ಎಲ್ಲಿಗಮ್ಮ ಹೋಗೋದು?"

"ಆಕಾಶಕ್ಕೆ ಅಕ್ಕ."

"ಹಂಗಾದ್ರೆ ತಿರುಗಿ ಬರಲ್ಲ ಅನ್ನು."

"ಬರುತ್ತೆ. ಹನ್ನೊಂದು ನಿಮಿಷಕ್ಕೆಲ್ಲ ವಾಪಸ್."

ಗಾಜಕ್ಕ ಉರಿ ಸಣ್ಣ ಮಾಡಿ ಅವಳನ್ನು ಕೂರಿಸಿಕೊಂಡಳು. ವಿಷಯ ಹೀಗಿತ್ತು. ಒಂದು ರಾಕೆಟ್ ಗಾಡಿ ನೆಟ್ಟಗೆ ನೂರು ಕಿಲೋಮೀಟರಿಗೂ ಹೆಚ್ಚು ಎತ್ತರ ಏರುತ್ತದೆ. ಭೂಮಿಯನ್ನು ಸುತ್ತುವುದಿಲ್ಲ, ಎಸೆದ ಚೆಂಡಿನ ಹಾಗೆ ಏರಿ ಇಳಿಯುತ್ತದೆ. ನಡುವೆ ಮೂರು ನಿಮಿಷ ಒಳಗಿರುವ ಯಾವುದಕ್ಕೂ ತೂಕ ಇರುವುದಿಲ್ಲ. ಇಳಿದ ಗಾಡಿಯನ್ನೇ ಪರೀಕ್ಷಿಸಿ ಕೆಲವು ತಿಂಗಳಿಗೆ ಮತ್ತೆ ಹಾರಿಸುತ್ತಾರೆ. ಬುರುಡೆಯೊಳಗಿನ ನೀರಿನಲ್ಲಿ ನುಣ್ಣನೆಯ ಮಣ್ಣಿನ ಕಣಗಳಿರುತ್ತವೆ. ನೆಲದಲ್ಲಾದರೆ ಅವು ತಳಕ್ಕಿಳಿದುಬಿಡುತ್ತವೆ. ತೂಕವೇ ಇಲ್ಲದಾಗ ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಎಂದು ಕ್ಯಾಮರಾ ನೋಡಬೇಕು.

ಗಾಜಕ್ಕನ ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಅವನ ಮುಂದೆ ಇದನ್ನೆಲ್ಲ ಒಪ್ಪಿಸಿದಾಗ ಅವನು ಚಪ್ಪಲಿ ಬಿಡುತ್ತಲೇ ತೀರ್ಪು ಕೊಟ್ಟ. "ಲಿಫ್ಟು ಇಳಿಯೋಕೆ ಶುರು ಮಾಡಿದಾಗ ಹೊಟ್ಟೆ ಜುಂ ಅನ್ನುತ್ತಲ್ಲ, ಅದನ್ನೇ ಮೂರು ನಿಮಿಷ ಎಳೆದಿದ್ದಾರೆ ಕಣೆ. ನಮ್ಮಲ್ಲಿ ಹಂಗಾದ್ರೆ ಜನ ನನ್ನ ಕೊರಳಪಟ್ಟಿ ಹಿಡೀತಾರೆ."

ಬುರುಡೆ ಸಿದ್ಧವಾಯಿತು. ಪುಟ್ಟ ಡಾಕ್ಟರ್ ತಾನೇ ಕೂತು, ಗುಳ್ಳೆ ಉಳಿಯದಂತೆ ನೀರನ್ನು ಕತ್ತಿನ ತುದಿಯವರೆಗೆ ತುಂಬಿಸಿದಳು. ನಕ್ಷೆಯಲ್ಲೂ 'ಪೂರ್ತಿ ತುಂಬಿರಬೇಕು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು. ಅವಳು ಟೀ ಕುಡಿಯಲು ಹೋದಾಗ ಗಾಜಕ್ಕ ಬುರುಡೆಯನ್ನು ಬಾಗಿಸಿ, ಒಂದು ಬೆರಳಷ್ಟು ನೀರು ಚೆಲ್ಲಿ, ಉರಿಯಲ್ಲಿ ಬಾಯಿ ಮುಚ್ಚಿದಳು. ಖಾಲಿ ಜಾಗ ಕತ್ತಿನಲ್ಲಿತ್ತು, ಕತ್ತಿನ ಸುತ್ತ ಬುರುಡೆಯನ್ನು ಬಿಗಿಹಿಡಿಯುವ ಲೋಹದ ಪಟ್ಟಿ ಬಂತು, ಯಾರಿಗೂ ಕಾಣಲಿಲ್ಲ. ಹುಡುಗಿಯನ್ನು ಒಂದು ಮಾತು ಕೇಳಬೇಕೆಂದು ಗಾಜಕ್ಕನಿಗೂ ಅನಿಸಲಿಲ್ಲ.

ಬುರುಡೆ ಹೋಗಿ ಬಂತು. ಅದು ಕೈಗೆ ಸಿಕ್ಕಾಗ ಗಾಜಕ್ಕ ತಿರುಗಿಸಿ ತಿರುಗಿಸಿ ನೋಡಿದಳು. ಎರಡನೇ ಮಹಡಿಗೆ ಹೋದ ಪಾತ್ರೆಯೇ ಎಷ್ಟೋ ಸಲ ಇಡಿಯಾಗಿ ಬಂದದ್ದಿಲ್ಲ, ಇದು ಆಕಾಶಕ್ಕೆ ಹೋಗಿ ಒಂದು ಗೀರೂ ಇಲ್ಲದೆ ಬಂದಿದೆ. ಹಿಗ್ಗಿಕೊಂಡೇ ಅವಳು ಮೂರನೇ ಮಹಡಿಗೆ ಹತ್ತಿದಳು.

ಅಲ್ಲಿ ಪುಟ್ಟ ಡಾಕ್ಟರ್ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಪರದೆಯಲ್ಲಿ ಮೂರು ನಿಮಿಷದ ಚಿತ್ರ ಓಡುತ್ತಿತ್ತು. ತೂಕ ತಪ್ಪಿದ ಕೂಡಲೇ ಕತ್ತಿನಿಂದ ಒಂದು ಗುಳ್ಳೆ ಜಾರಿ ಬಂದು, ಕರೆಯದೆ ಬಂದ ನೆಂಟ ನಡುಮನೆಯಲ್ಲಿ ಕೂತಂತೆ ಬುರುಡೆಯ ನಟ್ಟನಡುವೆ ಕೂತಿತು. ಕಣಗಳೆಲ್ಲ ಅದರ ಹಿಂದೆ ಮರೆ.

"ನಾನೇ ಸರಿಯಾಗಿ ತುಂಬಿಸಿಲ್ಲ ಅಕ್ಕ. ಗಾಡಿ ಹಾರಿಸೋರಿಗೆ ಹಂಗಂತ ಬರೆದುಕೊಡ್ತೀನಿ. ತಪ್ಪು ಎಲ್ಲಾಯ್ತು, ಹೇಗೆ ಸರಿ ಮಾಡ್ತೀವಿ ಅಂತ ಶುಕ್ರವಾರದೊಳಗೆ ಹೇಳಿದ್ರೆ ಮಾತ್ರ ಮುಂದಿನ ಸಲ ಜಾಗ ಕೊಡ್ತಾರಂತೆ. ಇಲ್ಲದಿದ್ರೆ ಎರಡು ವರ್ಷದ ಕೆಲಸ ಅಲ್ಲಿಗೆ ಮುಗೀತು."

ಆ ಗುಳ್ಳೆಯನ್ನು ಗಾಜಕ್ಕ ಗುರುತು ಹಿಡಿದಿದ್ದಳು, ಅದರ ಅಳತೆ ಅವಳ ತೋರುಬೆರಳಿನದು. ಆದರೂ ಏನೂ ಹೇಳದೆ ಇಳಿದು ಬಂದಳು.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನ ಬಳಿ ಬಾಯಿಬಿಟ್ಟಳು. ಅವನು ಒಂದು ತುತ್ತು ನುಂಗಿ ಹೇಳಿದ. "ಲಿಫ್ಟು ಕೆಟ್ಟು ನಿಂತ್ರೆ ನಾನು ಮೊದಲು ಕೇಳೋದು, ಕೊನೇಲಿ ಕೈ ಹಾಕಿದವರು ಯಾರು ಅಂತ. ಒಪ್ಪಿಕೊಂಡ್ರೆ ಅರ್ಧ ಗಂಟೆ ಕೆಲಸ. ಇಲ್ಲಾಂದ್ರೆ ಚೆನ್ನಾಗಿರೋದನ್ನೆಲ್ಲ ಬಿಚ್ಚಿ ನೋಡಬೇಕು. ಆ ಹುಡುಗಿ ಈಗ ಚೆನ್ನಾಗಿರೋದನ್ನ ಬಿಚ್ಚುತಾ ಕೂತಿರ್ತಾಳೆ."

ಬೆಳಿಗ್ಗೆ ಗಾಜಕ್ಕ ನೇರ ಮೂರನೇ ಮಹಡಿಗೆ ಹೋದಳು. "ನೀರು ಚೆಲ್ಲಿದ್ದು ನಾನು. ನೀನು ತುಂಬಿಸಿದ್ದು ಸರಿಯಾಗೇ ಇತ್ತು."

ಪುಟ್ಟ ಡಾಕ್ಟರ್ ಬರೆಯುತ್ತಿದ್ದ ಪತ್ರವನ್ನು ಪಕ್ಕಕ್ಕೆ ತಳ್ಳಿದಳು. "ಎರಡು ವರ್ಷ ಅಕ್ಕ" ಎಂದಳು. "ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು."

ಆ ಒಂದು ಪದ ಹೇಳುವಾಗ ಗಾಜಕ್ಕನಿಗೆ ಮೂವತ್ತೊಂದು ವರ್ಷದ ಗತ್ತು ಕಾಲಡಿಗೆ ಬಿದ್ದಂತಾಯಿತು. ಆದರೆ ಹುಡುಗಿಯ ಸಿಟ್ಟಿನ ಹಿಂದೆ ಪ್ರಶ್ನೆಯೂ ಇತ್ತು. "ಯಾಕೆ ಚೆಲ್ಲಿದ್ರಿ?" ಎಂದಳು. ಗಾಜಕ್ಕ ಮೇಸ್ತ್ರಿಯ ಮಾತು ಹೇಳಿದಳು. ಹುಡುಗಿ ಕಾಗದ ಎಳೆದುಕೊಂಡು ಲೆಕ್ಕ ಹಾಕಿದಳು. ಗಾಡಿ ಇಳಿದ ಮೇಲೆ ಪೆಟ್ಟಿಗೆ ಎರಡು ಗಂಟೆ ಬಿಸಿಲಲ್ಲಿತ್ತು. ಪೂರ್ತಿ ತುಂಬಿದ್ದರೆ ಬುರುಡೆ ಒಡೆದು ಕ್ಯಾಮರಾವನ್ನೂ ನೆನೆಸುತ್ತಿತ್ತು. ನಕ್ಷೆಯೂ ತಪ್ಪು, ಗಾಜಕ್ಕನೂ ತಪ್ಪು.

"ಜಾಗ ಬೇಕೇ ಬೇಕು ಅಂತಾಯ್ತಲ್ಲ" ಎಂದಳು ಗಾಜಕ್ಕ, ಸ್ವಲ್ಪ ಚೇತರಿಸಿಕೊಂಡು. "ಮೇಲ್ಗಡೆನೇ ನಿಲ್ಲೋ ಹಂಗೆ ಮಾಡೋಣ."

"ಅಲ್ಲಿ ಮೇಲೆ ಅನ್ನೋದೇ ಇಲ್ಲ ಅಕ್ಕ."

ಗಾಜಕ್ಕ ನೆಲಮಾಳಿಗೆಗೆ ಬಂದು ಉರಿ ಹಚ್ಚದೆ ಕೂತಳು. ಇಷ್ಟು ವರ್ಷ ಪೆಟ್ಟಿಗೆ ಪೆಟ್ಟಿಗೆಗೂ ಬರೆದ ಪದ. ಅಷ್ಟು ಮೇಲೆ ಹೋದರೆ ಮೇಲೆಯೇ ಇಲ್ಲವಂತೆ. ಹಾಗಾದರೆ ನೀರಿಗೆ ತಾನು ಎಲ್ಲಿರಬೇಕೆಂದು ಯಾರು ಹೇಳುತ್ತಾರೆ? ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ಮೇಜಿನ ಮೇಲೆ ಬೆಳಿಗ್ಗೆ ತೊಳೆದಿಟ್ಟ ಕೊಳವೆಯ ತುಂಡುಗಳಿದ್ದವು. ಎಳೆದು ಒಂದು ತುದಿ ಸಪೂರ ಮಾಡಿದ ಒಂದು ತುಂಡಿನಲ್ಲಿ ನೀರಿನ ಹನಿ ಉಳಿದಿತ್ತು. ಅದನ್ನು ಬೀಳಿಸಲು ಅಗಲ ಬಾಯಿಯನ್ನು ಕೆಳಗೆ ಮಾಡಿ ಹಿಡಿದಳು. ಹನಿ ಬೀಳಲಿಲ್ಲ. ಸಪೂರ ತುದಿಯ ಕಡೆಗೆ ಸರಿದು ಅಲ್ಲೇ ಕೂತಿತು. ಇದನ್ನು ಅವಳು ಸಾವಿರ ಸಲ ನೋಡಿದ್ದಳು, ಸಾವಿರ ಸಲವೂ ಬೈದು ಕೊಡವಿದ್ದಳು. ಇವತ್ತು ಕೊಡವಲಿಲ್ಲ. ಮೇಲೆ ಕೆಳಗೆ ಕೇಳದೆ ನೀರು ಇಕ್ಕಟ್ಟನ್ನು ಹುಡುಕಿಕೊಂಡು ಹೋಗುತ್ತದೆ. ನೀರಿಗೆ ಇಕ್ಕಟ್ಟು ಬೇಕಾದರೆ ಗಾಳಿಗೆ ವಿಶಾಲ ಬೇಕು. ಅದಕ್ಕೇ ಆ ಗುಳ್ಳೆ ಸಪೂರ ಕತ್ತು ಬಿಟ್ಟು ಬುರುಡೆಯ ಹೊಟ್ಟೆಗೆ ಬಂದದ್ದು. ತಾನು ಪಾತ್ರೆಯನ್ನೇ ತಿರುವುಮುರುವಾಗಿ ಮಾಡಿದ್ದೆ ಎಂದು ಅವಳಿಗೆ ಆಗ ಹೊಳೆಯಿತು.

ಅವಳು ಕೊಳವೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಹುಡುಗಿ ಹನಿಯನ್ನು ನೋಡಿ, ಕೊಳವೆಯನ್ನು ತಾನೂ ತಿರುಗಿಸಿ ನೋಡಿ, ನಕ್ಕಳು. ಅಂದಿನಿಂದ ಇಬ್ಬರೂ ಒಂದೇ ಮೇಜಿಗೆ ಕೂತು ನಕ್ಷೆ ಬರೆದರು: ಕ್ಯಾಮರಾ ನೋಡುವ ಕಡೆ ಚಪ್ಪಟೆಯಾದ, ಇಕ್ಕಟ್ಟಾದ ಕೋಣೆ. ಅದು ಬರಬರುತ್ತ ಅಗಲವಾಗಿ ತುದಿಯಲ್ಲಿ ಬಲೂನಿನಂತೆ ಉಬ್ಬಿದ ಒಂದು ದುಂಡು ಬುಗ್ಗೆ. ಗುಳ್ಳೆಗೆ ಅದೇ ಮನೆ. ಗಾಜಕ್ಕನ ಕೈಯಲ್ಲಿ ಏಳು ಪಾತ್ರೆ ಒಡೆದವು, ಎಂಟನೆಯದು ನಿಂತಿತು. ಶುಕ್ರವಾರದ ಪತ್ರಕ್ಕೆ ಉತ್ತರ ಬಂತು: ಇನ್ನೊಂದೇ ಅವಕಾಶ, ಇದೇ ಕೊನೆ.

ಪೆಟ್ಟಿಗೆ ಮುಚ್ಚುವಾಗ ಗಾಜಕ್ಕನ ಕೈ ಅಭ್ಯಾಸದಿಂದ ಬಾಣ ಎಳೆಯಿತು, 'ಮೇಲೆ' ಎಂದೂ ಬರೆಯಿತು. ಒಂದು ಕ್ಷಣ ಯೋಚಿಸಿ, ಕೆಳಗೆ ಸಣ್ಣದಾಗಿ ಸೇರಿಸಿದಳು: 'ನೆಲ ಬಿಡುವ ತನಕ ಮಾತ್ರ'.

ಅದೇ ಗಾಡಿ ಮತ್ತೆ ಹೋಯಿತು, ಮತ್ತೆ ಬಂತು. ಚಿತ್ರ ಹಾಕುವ ದಿನ ಗಂಡನೂ ರಜೆ ಹಾಕಿ ಬಂದು ಬಾಗಿಲ ಬಳಿ ನಿಂತ. ನೀರು ಕಲಕಲೆಂದೇ ಒಳಗಿಟ್ಟಿದ್ದ ಪುಟ್ಟ ಕಡ್ಡಿ ಒಮ್ಮೆ ತಿರುಗಿ ಸುಮ್ಮನಾಯಿತು. ಕಣಗಳು ಹೊಗೆಯಂತೆ ಹರಡಿದವು. ಆಮೇಲೆ ಒಂದು ಇನ್ನೊಂದಕ್ಕೆ ಅಂಟಿತು, ಎರಡು ನಾಲ್ಕಾಯಿತು, ಎಳೆ ಎಳೆಯಾಗಿ ಬೆಳೆಯಿತು. ಮೂರು ನಿಮಿಷದಲ್ಲಿ ಗುಳ್ಳೆಯ ಸುಳಿವೇ ಇಲ್ಲ. ಪುಟ್ಟ ಡಾಕ್ಟರ್ ಎದ್ದು ಗಾಜಕ್ಕನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಗಾಜಕ್ಕನ ಎದೆ ಹಗುರಾಯಿತು, ಕಣ್ಣೂ ತುಂಬಿತು.

ಆದರೆ ಅವಳ ನೋಟ ಮಾತ್ರ ಪರದೆಯ ಅಂಚಿನಲ್ಲೇ ಇತ್ತು.

"ಗುಳ್ಳೆ ಎಲ್ಲಿತ್ತು?"

"ಬುಗ್ಗೆಯೊಳಗೆ ಇದ್ದಿರಬೇಕು ಅಕ್ಕ. ಕ್ಯಾಮರಾಕ್ಕೆ ಆ ಕಡೆ ಕಾಣಲ್ಲ."

"ಇದ್ದಿರಬೇಕು ಅಂದ್ರೆ? ಸೀದಾ ಹೋಯ್ತೋ, ತಡವರಿಸ್ತೋ? ಒಳಗೆ ಹೋಗಿ ಸುಮ್ನೆ ಕೂತ್ಕೊಳ್ತೋ, ಓಡಾಡ್ತಾ ಇತ್ತೋ?"

ಹುಡುಗಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಗಾಜಕ್ಕ ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು ಕಾಗದದ ಮೇಲೆ ತಾನೇ ಒಂದು ಗೆರೆ ಎಳೆದಳು.

"ಬುಗ್ಗೆ ಪಕ್ಕ ಇಲ್ಲೊಂದು ಚೂರು ಕನ್ನಡಿ ಇಟ್ರೆ ಕಾಣುತ್ತೆ" ಎಂದಳು. "ಆ ಗಾಡಿ ಇನ್ನೊಂದು ಸಲ ಯಾವಾಗ ಹೋಗೋದು?"