ಗಿರಿಜೆಗೆ ತೋರಿಸದ ಮುಖ

ಗಿರಿಜಾ, ನಿನ್ನ ಗುರುತು ನನಗಿತ್ತು. ಕಾರವಾರದ ಆಸ್ಪತ್ರೆಯಲ್ಲಿ, ಹೆಣದ ಕೋಣೆಯ ಮುಂದೆ, ಪೊಲೀಸನ ಎದುರು ನಿಂತು ನೀನು ಯಾರೋ ಗೊತ್ತಿಲ್ಲ ಎಂದೆನಲ್ಲ — ಅದು ಸುಳ್ಳು. ಬಾಯಿ ತಪ್ಪಿ ಬಂದದ್ದೂ ಅಲ್ಲ. ನೀನು ಅಲ್ಲಿಗೆ ಬಂದೇ ಬಂದಿರುತ್ತೀ ಎಂದು ನನಗೆ ಗೊತ್ತಿತ್ತು. ಭಾವಿಕೇರಿಯಿಂದ ಟೆಂಪೋದಲ್ಲಿ ಕೂತು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಂದಿಸಿಕೊಂಡು ಬಂದ ಮಾತು ಅದು.

ಗೊತ್ತಿಲ್ಲದೆ ಏನು! ನೀನು ಬೊಬ್ರುವಾಡದವಳು. ನನ್ನ ಮದುವೆಯಾದ ಹೊಸತರಲ್ಲಿ ಇಬ್ಬರೂ ಒಂದೇ ಗದ್ದೆಗೆ ನಟ್ಟಿಗೆ ಹೋಗಿದ್ದೆವು; ಜ್ವರದಲ್ಲೇ ಬಂದಿದ್ದ ನನ್ನ ಪಾಲಿನ ಸಸಿಯನ್ನೂ ನೆಟ್ಟುಕೊಟ್ಟವಳು ನೀನು. ಆಮೇಲೆ ಕೈಗಾದಲ್ಲಿ ಸ್ಥಾವರ ಕಟ್ಟುವ ಕೆಲಸ ಶುರುವಾಯಿತು. ನನ್ನ ಗಂಡ ಬೊಮ್ಮಯ್ಯ ಗಾರೆ ಕೆಲಸಕ್ಕೆ ಹೋದರು, ನೀನೂ ಕೂಲಿಗೆ ಹೋದೆ. ವರ್ಷ ಕಳೆಯುವುದರೊಳಗೆ ನೀವಿಬ್ಬರೂ ಒಂದೇ ಶೆಡ್ಡಿನಲ್ಲಿ ಒಲೆ ಹೂಡಿದ ಸುದ್ದಿ ಊರಿಗೆ ಬಂತು. ನಾನು ಮಗಳನ್ನು ಕಟ್ಟಿಕೊಂಡು ಭಾವಿಕೇರಿಯಲ್ಲೇ ಉಳಿದೆ. ಅಳುತ್ತಳುತ್ತ ನಿನಗೆ ಹಿಡಿಶಾಪ ಹಾಕಿದೆ. ಅದರಲ್ಲಿ ನನ್ನ ತಪ್ಪು ಇಂದಿಗೂ ನನಗೆ ಕಾಣುವುದಿಲ್ಲ.

ನನ್ನ ತಪ್ಪು ಬೇರೆ. ಕೊನೆಯ ಸಲ ಚೌತಿಗೆ ಬಂದಾಗ ಅವರು ಜಗಲಿಯ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದರು, “ನಂಗೆಂತಾರೂ ಆದ್ರೆ ಗಿರಿಜಂಗೆ ಒಂದ್ಸಲ ಮುಖ ತೋರ್ಸು ಮಾರಾಯ್ತಿ. ಅವ್ಳಿಗೆ ಬೇರೆ ಯಾರೂ ಇಲ್ಲ.” ಎದೆನೋವು ಆಗಲೇ ಶುರುವಾಗಿತ್ತೋ ಏನೋ, ನನಗೆ ಹೇಳಿರಲಿಲ್ಲ. ನಾನು ಹ್ಞೂಂ ಅಂದೆ. ಸಿಟ್ಟಿಗೆ ಅಂದೆನೋ, ಆ ಮಾತು ಅಲ್ಲಿಗೇ ಮುಗಿಯಲಿ ಎಂದು ಅಂದೆನೋ — ಅಂದದ್ದಂತೂ ಹೌದು. ಇದನ್ನು ಯಾರಿಗೂ ಹೇಳಿಲ್ಲ, ಮಗಳಿಗೂ ಇಲ್ಲ.

ಅವರು ಕೆಲಸದ ಜಾಗದಲ್ಲೇ ಕುಸಿದರಂತೆ. ಜೀಪಿನಲ್ಲಿ ಕಾರವಾರಕ್ಕೆ ತರುವಷ್ಟರಲ್ಲಿ ಜೀವ ಹೋಗಿತ್ತು. ನೀನು ಆಚೆ ಎಲ್ಲೋ ಕೆಲಸದಲ್ಲಿದ್ದವಳು, ಸುದ್ದಿ ತಿಳಿದು ಬಸ್ಸು ಹಿಡಿದು ಓಡಿಬಂದೆ. ಮಾರನೆಯ ದಿನ ನಾನೂ ನನ್ನ ಮೈದುನನೂ ಹೋದಾಗ ಹೆಣ ಕೊಯ್ದು ಮುಗಿದಿತ್ತು, ಕೋಣೆಗೆ ಬೀಗ ಬಿದ್ದಿತ್ತು. ನೀನು ಬಾಗಿಲ ಪಕ್ಕ, ಸಿಮೆಂಟು ಮೆತ್ತಿದ ಸೀರೆಯಲ್ಲೇ ನೆಲದ ಮೇಲೆ ಕೂತಿದ್ದೆ.

ಪೊಲೀಸ ಒಳ್ಳೆಯವನೇ. ನನ್ನನ್ನು ವಿಚಾರಿಸಿಕೊಂಡು ಹೇಳಿದ, “ಅಮ್ಮಾ, ಕಾಯ್ದೆ ಪ್ರಕಾರ ಹೆಣ ನಿಮ್ಮ ತಾಬಾಕ್ಕೇ ಕೊಡೂದು. ಈ ಹೆಂಗ್ಸು ನಿನ್ನೆಯಿಂದ ಒಂದ್ಸಲ ನೋಡ್ಬೇಕು ಅಂತದೆ. ವಾರಸುದಾರ್ರು ಬರದೆ ನಾ ಬಾಗ್ಲು ತೆಗೀಲಿಲ್ಲ. ನೀವು ಹ್ಞೂಂ ಅಂದ್ರೆ ನೋಡ್ಕಂಡು ಹೋಗ್ಲಿ. ನಿಮ್ಗೆ ಗುತ್ತಿದ್ದವ್ರೇ?”

ನೀನು ಎದ್ದು ನಿಂತೆ. “ಮುಟ್ಟೂದಿಲ್ಲ ಅಕ್ಕಾ, ದೂರದಿಂದ್ಲೇ ನೋಡ್ಕಂಡು ಹೋಗ್ತೆ,” ಅಂದೆ. ಅಕ್ಕಾ ಅಂದೆ! ಮೈಯೆಲ್ಲ ಉರಿದುಹೋಯಿತು ನನಗೆ. ಬದುಕಿದ್ದಾಗ ನನಗೆ ದಕ್ಕದ ಗಂಡ ಅವತ್ತು ಪೂರಾ ನನ್ನವರು — ಕಾಯ್ದೆಯೇ ಹೇಳುತ್ತಿದೆ, ಪೊಲೀಸನೇ ಹೇಳುತ್ತಿದ್ದಾನೆ. ಅದರಲ್ಲಿ ಒಂದು ಚೂರನ್ನೂ ನಿನಗೆ...

“ಇವ್ಳು ಯಾರೋ ನಂಗೆ ಗುತ್ತಿಲ್ಲ,” ಅಂದೆ.

ಮೈದುನ ತಲೆ ತಗ್ಗಿಸಿದ. ಪೊಲೀಸ ನಿನ್ನನ್ನು ಗೇಟಿನ ಹೊರಗೆ ಕಳಿಸಿದ. ನೀನು ಜಗಳಕ್ಕೆ ಬರಲಿಲ್ಲ. ಒಂದು ಸಲ ಬಾಯಿಗೆ ಬಂದಂತೆ ಬೈದಿದ್ದರೂ ಈಗ ನನಗೆ ಎಷ್ಟೋ — ಇರಲಿ. ಹೆಣ ಹೇರಿದ ಟೆಂಪೋ ಗೇಟು ದಾಟುವಾಗ ನೀನು ಹಿಂದೆ ಓಡಿ ಬಂದೆ. ನಾನು ಹೊದಿಕೆಯನ್ನು ಅವರ ಮುಖದ ಮೇಲೆ ಇನ್ನೂ ಎಳೆದೆ. ಅದನ್ನೂ ಮಾಡಿದವಳು ನಾನೇ.

ಊರಲ್ಲಿ ಎಲ್ಲರೂ ಅವರ ಬಾಯಿಗೆ ನೀರು ಬಿಟ್ಟರು. ಮಾತು ಬಿಟ್ಟು ಎಷ್ಟೋ ವರ್ಷವಾಗಿದ್ದ ನೆರೆಮನೆಯವನೂ ಬಂದು ಬಿಟ್ಟ. ಮೈದುನ ಬೆಂಕಿ ಕೊಟ್ಟ. ನನ್ನ ಬಳೆ ಒಡೆದರು, ಕುಂಕುಮ ಒರೆಸಿದರು.

ಇದೆಲ್ಲ ಆಗಿ ವರ್ಷಗಳೇ ಉರುಳಿದವು. ಕಳೆದ ತಿಂಗಳು ಕಾರವಾರದ ಪೇಟೆಯಲ್ಲಿ ನಿನ್ನನ್ನು ಕಂಡೆ. ನೀನು ಬಸಳೆ, ಹರಿವೆ ಕಟ್ಟು ಇಟ್ಟುಕೊಂಡು ಕೂತಿದ್ದೆ. ತಲೆ ಅರ್ಧ ನರೆತಿದೆ. ಹಣೆಯಲ್ಲಿ ಕಾಸಿನಗಲದ ಕುಂಕುಮ, ಕೈತುಂಬ ಹಸಿರು ಬಳೆ. ಮತ್ತೆ ಮದುವೆಯಾಗಿದ್ದಾಳೆ ಅಂದುಕೊಂಡೆ — ಅಂದುಕೊಂಡು ಹಗುರವೂ ಆದೆ, ನಾಚಿಕೆಗೆಟ್ಟವಳು ನಾನು!

ನೀನೇ ಕರೆದೆ, “ಅಕ್ಕಾ, ಅರಾಮನೇ?” ಅಂತ. ನಾನು ನಿನ್ನ ಹಣೆಯನ್ನೇ ನೋಡುತ್ತಿದ್ದದ್ದು ನಿನಗೆ ತಿಳಿಯಿತು. “ಎಲ್ಲರೂ ಒರ್ಸು ಅಂತ್ರು,” ಅಂದೆ. “ಹ್ಯಾಂಗೆ ಒರ್ಸೂದು ಅಕ್ಕಾ? ನಾ ಹೆಣ ಕಂಡಿದ್ನಿಲ್ಲ. ಬೆಳಿಗ್ಗೆ ಗಂಜಿ ಉಂಡು, ಬತ್ತೆ ಅಂದು ಕೆಲ್ಸಕ್ಕೆ ಹೋದ್ರು. ನಂಗೆ ಅಷ್ಟೇ ಗುತ್ತು. ಈಗ್ಲೂ ಸಂಜಿಗೆ ಕದ ಹಾಕೂಕೆ ಮನ್ಸು ಬತ್ತಿಲ್ಲ.”

ಅಲ್ಲೇ ಹೇಳಬೇಕಿತ್ತು. ನೀನು ಕೊಟ್ಟ ಬಸಳೆ ಕಟ್ಟು ಹಿಡಿದು ಬಸ್ಸು ಹತ್ತಿ, ಅಂಕೋಲೆಯವರೆಗೂ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಹೆಣದ ಮೇಲಿನ ಹಕ್ಕು ನನ್ನದೇ ಆಗಿತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸತ್ತವರ ಮುಖವನ್ನು ನೋಡಬೇಕಾದವರಿಗೆ ತೋರಿಸುವ ಹೊಣೆಯೂ ಅದರ ಜೊತೆಗೇ ಬಂದಿತ್ತು. ಹಕ್ಕನ್ನು ಹೇರಿಕೊಂಡು ಬಂದೆ, ಹೊಣೆಯನ್ನು ಆ ಬಾಗಿಲಲ್ಲೇ ಬಿಟ್ಟೆ. ನಿನ್ನ ಕ್ಷಮೆ ಕೇಳುವುದಿಲ್ಲ. ಕೇಳಲು ನನಗೆ ಮುಖವಿಲ್ಲ. ಬರುವ ಭಾನುವಾರದ ಸಂತೆಗೆ ಬಂದು, ನಿನ್ನ ಎದುರು ಕೂತು, ಇಲ್ಲಿ ಬರೆದದ್ದನ್ನೆಲ್ಲ ಬಾಯಾರೆ ಹೇಳುತ್ತೇನೆ. ಅವರನ್ನು ತಂದು ತೋರಿಸಲಾರೆ. ನಾನು ಕಂಡದ್ದನ್ನು ಹೇಳಬಲ್ಲೆ, ಅಷ್ಟೇ.

ಗಡ್ಡ ಕುರುಚಲಾಗಿ ಬೆಳೆದಿತ್ತು. ಕಿವಿಯ ಹಿಂದೆ ಸಿಮೆಂಟಿನ ಧೂಳು ಹಾಗೇ ಇತ್ತು. ತುಟಿ ಕಪ್ಪಾಗಿತ್ತು. ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ, ನಾನು ಮುಚ್ಚಿದೆ. ನೋವು ತಿಂದ ಮುಖ ಅಲ್ಲ, ಗಿರಿಜಾ — ದಣಿದು ಮಲಗಿದವರ ಹಾಗಿತ್ತು. ಮೈ ತಣ್ಣಗಿತ್ತು. ನಾನು ಕೈ ಇಟ್ಟು ನೋಡಿದೆ. ಸತ್ತುಹೋಗಿದ್ದರು.

ಅವರು ಬರುವುದಿಲ್ಲ. ಸಂಜೆ ಕದ ಹಾಕಿಕೋ, ತಂಗಿ.